ಹಳೆಯ ತಗಡಿನ ಕೂಲರು, ಸುಣ್ಣ ಬಳಿದ ಮಾಳಿಗೆ: ರಾಯಚೂರಿನ ಬೇಸಿಗೆಯ ಒಂದು ದುರಸ್ತಿ ದಾಖಲೆ

ಸತುವಿನ ಲೇಪವಿರುವ ಜಿಐ ತಗಡಿನ ಮೈ, 18 ಇಂಚಿನ ಫ್ಯಾನು, ಮೂರು ಬದಿಗೆ ಹುಲ್ಲಿನ ಜಾಳಿ, ಕೆಳಗೆ 60 ಲೀಟರ್ ಹಿಡಿಯುವ ತೊಟ್ಟಿ. ರಾಯಚೂರಿನ ಯಾವ ಓಣಿಗೆ ಹೋದರೂ ಕಿಟಕಿಯ ಹೊರಗೆ ಇಂಥದ್ದೊಂದು ಕೂಲರು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕುಳಿತಿರುತ್ತದೆ. ನಮ್ಮದನ್ನು ಕೊಂಡದ್ದು 2013ರಲ್ಲಿ. ಹೋದ ವರ್ಷದ ಬೇಸಿಗೆಯ ಕೊನೆಯ ಹೊತ್ತಿಗೆ ಅದು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿತ್ತು. ಹೊಸದಕ್ಕೆ ಅಂಗಡಿಯವರು ಹತ್ತು ಸಾವಿರದ ಮೇಲೆ ಹೇಳಿದರು. ಎಸಿಯ ಮಾತು ಬಂದಾಗ ಅತ್ತೆಯವರು, ಕಿಟಕಿ ಮುಚ್ಚಿದ ಕೋಣೆಯಲ್ಲಿ ತಮಗೆ ಉಸಿರು ಕಟ್ಟುತ್ತದೆ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಹಾಗಾಗಿ ಇದ್ದದ್ದನ್ನೇ ಸರಿಪಡಿಸುವುದೆಂದು ತೀರ್ಮಾನವಾಯಿತು.

ಕೆಲಸ ಯಾರು, ಯಾವಾಗ ಮಾಡಬೇಕೆಂಬುದನ್ನು ನಮ್ಮಿಬ್ಬರ ನೌಕರಿಗಳೇ ನಿರ್ಧರಿಸಿದವು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಗುತ್ತದೆ. ನಾನು ಅಂಥ ಕಚೇರಿಯಲ್ಲಿ ಗುಮಾಸ್ತೆ. ಹೊರಗಿನವರಿಗೆ ಇದು ಸುಖದ ನೌಕರಿಯಂತೆ ಕಾಣಬಹುದು. ಆದರೆ ದಿನದ ಅತಿ ಕೆಟ್ಟ ಬಿಸಿಲಿನಲ್ಲಿ ಮನೆ ಸೇರಿ, ಕಾದ ಸ್ಲ್ಯಾಬಿನ ಕೆಳಗೆ ಸಂಜೆಯವರೆಗೆ ಕೂರುವವಳು ನಾನೇ. ನಮ್ಮ ಮನೆಯವರು ಅಕ್ಕಿ ಗಿರಣಿಯೊಂದರ ಲೆಕ್ಕಪತ್ರ ನೋಡುತ್ತಾರೆ. ಮಾರ್ಚ್ ಮುಗಿಯುತ್ತಲೇ ವರ್ಷದ ಲೆಕ್ಕ, ಅದರ ಬೆನ್ನಿಗೆ ತುಂಗಭದ್ರಾ ಎಡದಂಡೆ ಕಾಲುವೆ ಭಾಗದ ಎರಡನೇ ಬೆಳೆಯ ಭತ್ತದ ಲಾರಿಗಳು. ಅವರು ಮನೆಗೆ ಬರುವುದು ರಾತ್ರಿ ಒಂಬತ್ತರ ಮೇಲೆಯೇ. ಹೀಗಾಗಿ ಕೂಲರಿನ ಕೆಲಸ ಮಧ್ಯಾಹ್ನದ ಪಾಳಿಯಲ್ಲಿ ನನ್ನ ಪಾಲಿಗೂ, ಮಾಳಿಗೆಗೆ ಸುಣ್ಣ ಬಳಿಯುವ ಕೆಲಸ ಭಾನುವಾರದ ಪಾಳಿಯಲ್ಲಿ ಇಬ್ಬರ ಪಾಲಿಗೂ ಬಂದವು.

1. ಬಿಚ್ಚಿ ನೋಡಿದ್ದು (ಮಾರ್ಚ್ ಕೊನೆಯ ವಾರ)

ಸಲಕರಣೆಗಳು: 10 ಮತ್ತು 12ನೇ ನಂಬರಿನ ಪಾನಾ, ಸ್ಕ್ರೂ ಡ್ರೈವರ್, ಪಕ್ಕಡ್, ತಂತಿಯ ಬ್ರಷ್, ಟೆಸ್ಟರ್, ಹಳೆಯ ಸೈಕಲ್ ಕಡ್ಡಿ.

ಜಾಳಿಗಳನ್ನು ಕಳಚಿದಾಗ ಹುಲ್ಲು ಹುಲ್ಲಾಗಿ ಉಳಿದಿರಲಿಲ್ಲ. ಮೇಲಿನ ಕಾಲು ಭಾಗ ಒಣಗಿ ಕಂದಾಗಿತ್ತು. ಕೆಳಗಿನ ಭಾಗದಲ್ಲಿ ಬಿಳಿಯ ಪೊರೆ ಎಷ್ಟು ದಪ್ಪಗೆ ಕಟ್ಟಿತ್ತೆಂದರೆ, ಬೆರಳಿನಿಂದ ಒತ್ತಿದಾಗ ಹಪ್ಪಳದಂತೆ ಚಟಚಟನೆ ಮುರಿಯಿತು. ಫ್ಯಾನಿನ ಎಲೆಗಳ ಹಿಂಬದಿಯಲ್ಲೂ ಅದೇ ಪೊರೆ, ಒಂದೊಂದು ಎಲೆಯ ಮೇಲೆ ಒಂದೊಂದು ದಪ್ಪ. ಸದ್ದಿಗೆ ಮುಖ್ಯ ಕಾರಣ ಈ ತೂಕದ ವ್ಯತ್ಯಾಸವೇ ಆಗಿತ್ತು.

ಫ್ಯಾನು ನಿಧಾನವಾಗಿ ತಿರುಗುತ್ತಿದ್ದುದರಿಂದ ಮೊದಲು 4 ಎಂಎಫ್‌ಡಿ ಕೆಪಾಸಿಟರ್ ಬದಲಿಸಿದೆ. 70 ರೂಪಾಯಿ ಹೋಯಿತು, ವೇಗ ಹೆಚ್ಚಲಿಲ್ಲ. ಸ್ವಿಚ್ ತೆಗೆದು ಎಲೆಯನ್ನು ಬೆರಳಿನಿಂದ ತಳ್ಳಿ ನೋಡಿದಾಗ ಒಂದು ಸುತ್ತೂ ಪೂರ್ತಿಯಾಗದೆ ನಿಂತಿತು. ಚೆನ್ನಾಗಿರುವ ಮೋಟಾರು ಹಾಗೆ ತಳ್ಳಿದರೆ ಕೆಲವು ಸುತ್ತಾದರೂ ತಿರುಗಬೇಕು. ಮೋಟಾರಿನ ದಂಡ ಕೂತು ತಿರುಗುವ ಬುಷ್ ಒಣಗಿತ್ತು. ಹಿಂದಿನ ಮುಚ್ಚಳದ ಎಣ್ಣೆ ತೂತಿನಲ್ಲಿ ಹೊಲಿಗೆ ಯಂತ್ರದ ಎಣ್ಣೆಯನ್ನು ಹನಿ ಹನಿಯಾಗಿ ಬಿಟ್ಟು, ರಾತ್ರಿಯಿಡೀ ಹಾಗೆಯೇ ಇಟ್ಟು, ಬೆಳಿಗ್ಗೆ ಎಲೆಗಳ ಪೊರೆಯನ್ನೂ ಕೆರೆದು ತೊಳೆದ ಮೇಲೆ ವೇಗ ಮರಳಿತು. ಎಣ್ಣೆ ಮನೆಯಲ್ಲೇ ಇತ್ತು. ಕೆಪಾಸಿಟರ್ ಕೊಳ್ಳುವ ಮೊದಲು ಕೈಯಿಂದ ತಿರುಗಿಸಿ ನೋಡುವುದು ಸರಿಯಾದ ಕ್ರಮ.

2. ತೊಟ್ಟಿಯ ತುಕ್ಕು

ತೊಟ್ಟಿಯ ತಳದ ಒಂದು ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದವು. ಭಾನುವಾರ ಮನೆಯವರು ಎಂ-ಸೀಲ್ ಕಲಸಿ ಮೆತ್ತಿದರು. ಒಣಗಿದ ಮೇಲೆ ನೀರು ತುಂಬಿದರೆ ಅಂಚಿನಿಂದ ಮತ್ತೆ ಸೋರಿತು. ತುಕ್ಕಿನ ಪುಡಿಯ ಮೇಲೆ ಮೆತ್ತಿದ್ದರಿಂದ ಅದು ತಗಡನ್ನು ಹಿಡಿದಿರಲಿಲ್ಲ, ತುಕ್ಕನ್ನು ಹಿಡಿದಿತ್ತು. ಅದನ್ನು ಉಳಿಯಿಂದ ಎಬ್ಬಿಸಿ, ತಂತಿಯ ಬ್ರಷ್‌ನಿಂದ ಹೊಳಪು ಕಾಣುವವರೆಗೆ ಉಜ್ಜಿ, ಪಾಲಿಶ್ ಪೇಪರ್ ಹಾಕಿ, ಒಣ ಬಟ್ಟೆಯಿಂದ ಒರೆಸಿ ಮೆತ್ತಿದಾಗ ನಿಂತಿತು. ತುಕ್ಕು ಬೇಗ ಹೋಗಲೆಂದು ಅವರು ಸಂಡಾಸಿನ ಆಸಿಡ್ ತರಲು ಹೊರಟಿದ್ದರು. ಅದು ತುಕ್ಕಿನ ಜೊತೆಗೆ ತಗಡಿನ ಸತುವಿನ ಲೇಪವನ್ನೂ ತಿಂದುಹಾಕುತ್ತದೆ ಎಂದು ತಡೆದೆ. ಈ ವಿಷಯದಲ್ಲಿ ಸಣ್ಣ ವಾಗ್ವಾದ ನಡೆಯಿತು, ಬರೆಯುವಷ್ಟು ದೊಡ್ಡದಲ್ಲ.

ಅದರ ಮೇಲೆ ರೆಡ್ ಆಕ್ಸೈಡ್ ಒಂದು ಕೋಟು, ಮರುದಿನ ಡಾಂಬರಿನ ಕಪ್ಪು ಬಣ್ಣ ಎರಡು ಕೋಟು. ಡಾಂಬರು ಕೈಗೆ ಅಂಟುತ್ತಿಲ್ಲವೆಂದು ಮರುದಿನವೇ ನೀರು ತುಂಬಿ ಕೂಲರ್ ಹಚ್ಚಿದೆವು. ಅರ್ಧ ಗಂಟೆಯೊಳಗೆ ಹೊಸ ರಸ್ತೆ ಹಾಕುವ ಜಾಗದ ವಾಸನೆ ಮನೆಯೆಲ್ಲ ತುಂಬಿತು, ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಯ ಪದರ ತೇಲಿತು. ನೀರು ಚೆಲ್ಲಿ, ತೊಟ್ಟಿಯನ್ನು ಮಾಳಿಗೆಯ ಬಿಸಿಲಿನಲ್ಲಿ ಒಂದು ವಾರ ಬೋರಲು ಇಟ್ಟ ಮೇಲೆ ವಾಸನೆ ಹೋಯಿತು. ಡಬ್ಬಿಯ ಮೇಲೆ ಏನೇ ಬರೆದಿರಲಿ, ತೊಟ್ಟಿಯ ಒಳಮೈಗೆ ಬಳಿದ ಡಾಂಬರಿಗೆ ಅಷ್ಟು ಸಮಯ ಕೊಡಲೇಬೇಕು. ಆದ್ದರಿಂದ ಈ ಹಂತವನ್ನು ಫೆಬ್ರವರಿಯಲ್ಲೇ ಮುಗಿಸುವುದು ಒಳ್ಳೆಯದು.

3. ಪಂಪು, ಜಾಳಿ ಮತ್ತು ನೀರು

ಹಳೆಯ ಪಂಪು ಗುಂಯ್ಗುಟ್ಟುತ್ತಿತ್ತೇ ಹೊರತು ನೀರು ಎತ್ತುತ್ತಿರಲಿಲ್ಲ. 100 ಗ್ರಾಂ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಐದು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಪಂಪಿನ ಒಳಚಕ್ರವನ್ನೂ ಜಾಳಿಯ ತಲೆಯ ಮೇಲಿನ ನೀರಿನ ದೋಣಿಗಳನ್ನೂ ನೆನೆಯಿಟ್ಟೆ. ಬುರುಗು ಏಳುವುದು ನಿಂತ ಮೇಲೆ ಪೊರೆ ಕೈಯಿಂದಲೇ ಬಿಟ್ಟುಬಂತು. ದೋಣಿಯ ತೂತುಗಳಿಗೆ ಸೈಕಲ್ ಕಡ್ಡಿ ಹೇಳಿ ಮಾಡಿಸಿದಂತಿತ್ತು. ಪಂಪಿನ ಚಕ್ರದ ತುದಿ ಸವೆದುಹೋಗಿದ್ದರಿಂದ ಕೊನೆಗೆ ತೀನ್ ಕಂದೀಲ್ ಬಳಿಯ ಅಂಗಡಿಯಲ್ಲಿ 18 ವ್ಯಾಟಿನ ಹೊಸ ಪಂಪು ತಂದದ್ದಾಯಿತು: 280 ರೂಪಾಯಿ. ಮೂರು ಬದಿಗೆ ಹೊಸ ಹುಲ್ಲು, ತಲಾ 80ರಂತೆ 240.

ಹುಲ್ಲು ತುಂಬುವಾಗ ಗಮನಿಸಬೇಕಾದದ್ದು ಒಂದಿದೆ. ಅಂಗಡಿಯ ಹುಲ್ಲಿನ ಹಾಸು ಮಧ್ಯದಲ್ಲಿ ತೆಳ್ಳಗೆ, ಅಂಚಿನಲ್ಲಿ ದಪ್ಪಗೆ ಇರುತ್ತದೆ. ಬೆಳಕಿಗೆ ಹಿಡಿದು ನೋಡಿ, ತೆಳುವಾದ ಕಡೆಗೆ ಹಳೆಯ ಹಾಸಿನ ಚೊಕ್ಕ ಭಾಗದಿಂದ ಕಿತ್ತು ಸೇರಿಸಿದೆ. ತೂತು ಬಿಟ್ಟ ಕಡೆಯಿಂದ ಬಿಸಿಗಾಳಿ ನೇರವಾಗಿ ಒಳಗೆ ನುಗ್ಗುತ್ತದೆ, ಮಿಕ್ಕ ಹುಲ್ಲು ಎಷ್ಟೇ ತೊಯ್ದಿದ್ದರೂ ಪ್ರಯೋಜನವಿಲ್ಲ.

ಮೊದಲ ದಿನಗಳು ಹಬ್ಬದಂತೆ ಕಳೆದವು. ಏಪ್ರಿಲ್ ಮಧ್ಯದ ಹೊತ್ತಿಗೆ ಹೊಸ ಹುಲ್ಲಿನ ಕೆಳಭಾಗವೂ ಬೆಳ್ಳಗಾಗತೊಡಗಿತು. ಇಲ್ಲಿಗೆ ಬರುವವರೆಗೆ ನಾವು ಯಂತ್ರವನ್ನಷ್ಟೇ ನೋಡಿದ್ದೆವು, ಅದಕ್ಕೆ ಕುಡಿಸುತ್ತಿದ್ದ ನೀರನ್ನು ನೋಡಿರಲಿಲ್ಲ. ಕೂಲರಿಗೆ ಹೋಗುತ್ತಿದ್ದುದು ಅಡುಗೆಮನೆಯಲ್ಲಿ ಕುಡಿಯುವ ನೀರು ಸೋಸುವ ಆರ್‌ಓ ಯಂತ್ರದಿಂದ ಹೊರಬೀಳುವ ನೀರು. ಬೇಸಿಗೆಯಲ್ಲಿ ಒಂದು ಕೊಡವೂ ವ್ಯರ್ಥವಾಗಬಾರದೆಂದು ಮನೆಯವರು ಅದಕ್ಕೊಂದು ಪೈಪು ಜೋಡಿಸಿ, ಬಕೆಟ್ಟಿನಲ್ಲಿ ಹಿಡಿದು ಕೂಲರಿಗೆ ಸುರಿಯುವ ಏರ್ಪಾಡನ್ನು ಹೆಮ್ಮೆಯಿಂದ ಮಾಡಿದ್ದರು, ಓಣಿಯ ಇನ್ನಿಬ್ಬರಿಗೂ ಕಲಿಸಿದ್ದರು. ಆರ್‌ಓ ರಿಪೇರಿಗೆ ಬಂದ ಹುಡುಗನ ಬಳಿಯಿದ್ದ ಟಿಡಿಎಸ್ ಮೀಟರಿನಿಂದ (ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ) ಅಳೆಸಿದಾಗ ನಳದ ನೀರು 350, ನಮ್ಮ ಬೋರಿನ ನೀರು 1,400, ಆರ್‌ಓ ಹೊರಹಾಕುವ ನೀರು 2,300 ತೋರಿಸಿತು. ಬೋರಿನ ನೀರಿನ ಲವಣವೆಲ್ಲ ಒಟ್ಟುಗೂಡಿದ ನೀರು ಅದು. ಕೂಲರಿನಲ್ಲಿ ಆವಿಯಾಗುವುದು ನೀರಷ್ಟೇ, ಲವಣ ಪೂರ್ತಿ ಹುಲ್ಲಿಗೇ ಉಳಿಯುತ್ತದೆ.

“ಅಕ್ಕಾರ, ಇದು ಸಂಡಾಸ ತೊಳ್ಯಾಕ ನಡೀತದರಿ, ಕೂಲರಿಗೆ ಬ್ಯಾಡ್ರಿ,” ಎಂದು ಹುಡುಗ ಹೇಳಿಹೋದ. ಮಲ್ಲಿಗೆಯ ಕುಂಡದ ಎಲೆಗಳ ಅಂಚು ಯಾಕೆ ಸುಡುತ್ತಿತ್ತೆಂಬುದೂ ಆಗ ಗೊತ್ತಾಯಿತು.

ನಮ್ಮ ಊರಿಗೆ ನಳದ ನೀರು ಕೃಷ್ಣೆಯಿಂದಲೂ ತುಂಗಭದ್ರೆಯ ಕಾಲುವೆಯಿಂದಲೂ ಬರುತ್ತದೆ, ಆದರೆ ದಿನವೂ ಬರುವುದಿಲ್ಲ. ಆದ್ದರಿಂದ 200 ಲೀಟರಿನ ಹಳೆಯ ಡ್ರಮ್ಮನ್ನು ತೊಳೆದು, ಮುಚ್ಚಳ ಹಾಕಿ, ಕೂಲರಿಗೆಂದೇ ಮೀಸಲಿಟ್ಟೆವು. ಮುಚ್ಚಳ ಸಡಿಲವಾಗಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ, ಹಾಗಾಗಿ ಹಳೆಯ ಪಂಚೆಯನ್ನು ಬಿಗಿದು ಕಟ್ಟಿದೆ. ಕೂಲರ್ ಮಧ್ಯಾಹ್ನ ಒಂದೂವರೆಯಿಂದ ಆರೂವರೆಯವರೆಗೆ ಓಡಿದರೆ ಸುಮಾರು 35 ಲೀಟರ್ ಕುಡಿಯುತ್ತದೆ. ಸಂಜೆ ತೊಟ್ಟಿಯಲ್ಲಿ ಉಳಿದ ನೀರನ್ನು ಮರುದಿನಕ್ಕೆ ಇಟ್ಟುಕೊಳ್ಳದೆ, ತಳದ ಬಿರಡೆ ತೆಗೆದು, ಸಂಡಾಸಿಗೆ ಬಳಸುತ್ತೇವೆ. ಪೊರೆ ಹಿಡಿದಿದ್ದ ಹುಲ್ಲನ್ನು ತೆಗೆದು ಇನ್ನೊಂದು ಜೊತೆ ಹಾಕಿದೆವು, ಮತ್ತೆ 240 ರೂಪಾಯಿ. ಆ ಹುಲ್ಲು ಮೇ ಮುಗಿಯುವವರೆಗೂ ಕಂದು ಬಣ್ಣಕ್ಕೆ ತಿರುಗಿತೇ ವಿನಾ ಬೆಳ್ಳಗಾಗಲಿಲ್ಲ. ಹುಲ್ಲಿನ ಬದಲು ಸಾವಿರ ರೂಪಾಯಿಯ ಹತ್ತಿರದ, ಜೇನುಗೂಡಿನಂಥ ಕಿಂಡಿಗಳಿರುವ ಪ್ಯಾಡು ಹಾಕಿಸಬೇಕೆಂದು ಹಲವರು ಸಲಹೆ ಕೊಟ್ಟರು. ಒಳ್ಳೆಯದೇ ಇರಬಹುದು, ಆದರೆ ನೀರು ಬದಲಿಸದೆ ಅದನ್ನು ಹಾಕಿದ್ದರೆ ಅದರ ಕಿಂಡಿಗಳೂ ಇದೇ ರೀತಿ ಕಟ್ಟಿಕೊಳ್ಳುತ್ತಿದ್ದವು ಎಂಬುದು ನನ್ನ ಅಭಿಪ್ರಾಯ.

4. ಕರೆಂಟು ಹೊಡೆದದ್ದು

ಈ ದಾಖಲೆಯನ್ನು ಬರೆಯಲು ನಿಜವಾದ ಕಾರಣ ಈ ಹಂತ. ತಗಡಿನ ಕೂಲರ್ ಇರುವವರು ಉಳಿದದ್ದನ್ನು ಬಿಟ್ಟರೂ ಇದನ್ನು ಓದಬೇಕು.

ಮಧ್ಯಾಹ್ನ ಅತ್ತೆಯವರು ಕೈ ತೊಳೆದು ಬಂದು ಕೂಲರಿನ ಮುಖವನ್ನು ತಮ್ಮ ಕಡೆಗೆ ತಿರುಗಿಸಲು ಕೈಯಿಟ್ಟು, ಥಟ್ಟನೆ ಹಿಂದೆ ಸರಿದರು. “ಜುಮ್ಮಂತದವಾ, ಹೋದ ವರ್ಷಾನೂ ಹೇಳಿದ್ದೆ,” ಎಂದರು. ಹೇಳಿದ್ದು ನಿಜ. ಅವರಿಗೆ ಕೈ ಜೋಮು ಹಿಡಿಯುವ ತೊಂದರೆ ಇದ್ದುದರಿಂದ ಅದೇ ಇರಬೇಕೆಂದು ನಾವಿಬ್ಬರೂ ಅದನ್ನು ಅಲ್ಲಿಗೇ ಬಿಟ್ಟಿದ್ದೆವು. ಈ ಸಲ ಟೆಸ್ಟರ್ ಇಟ್ಟು ನೋಡಿದೆ, ದೀಪ ಹೊತ್ತಿತು. ಪಂಪಿನ ಸ್ವಿಚ್ ತೆಗೆದಾಗ ಆರಿತು, ಫ್ಯಾನಿನದು ತೆಗೆದಾಗ ಆರಲಿಲ್ಲ. ದೋಷ ಪಂಪಿನ ದಾರಿಯಲ್ಲಿದೆ ಎಂದು ಅಷ್ಟರಲ್ಲೇ ತಿಳಿಯಿತು. ಪ್ಲಗ್ಗನ್ನು ಪೂರ್ತಿ ಕಿತ್ತು ವೈರನ್ನು ಬೆರಳಿನಲ್ಲಿ ಸವರುತ್ತಾ ಹೋದಾಗ, ತಗಡಿನ ತೂತಿನ ಮೂಲಕ ಅದು ಹೊರಬರುವ ಕಡೆ ರಬ್ಬರ್ ಬಳೆ ಇರಲಿಲ್ಲ; ತಗಡಿನ ಅಂಚು ವೈರಿನ ಹೊದಿಕೆಯನ್ನು ಕೊಯ್ದು ತಾಮ್ರ ಇಣುಕುತ್ತಿತ್ತು. ಹೋದ ವರ್ಷದ ಜುಮ್ಮು ಹಳೆಯ ಪಂಪಿನದು, ಈ ವರ್ಷದ್ದು ಹೊಸ ಪಂಪಿನದು, ಕೊಯ್ದ ಜಾಗ ಮಾತ್ರ ಒಂದೇ. ಇನ್ನೂ ಕೆಟ್ಟ ವಿಷಯವೆಂದರೆ ಕೂಲರಿನಿಂದ ಗೋಡೆಯ ಪ್ಲಗ್ಗಿಗೆ ಬರುವ ವೈರಿನಲ್ಲಿ ಎರಡೇ ಎಳೆಗಳಿದ್ದವು. ಎಂದೋ ಯಾರೋ ಬದಲಿಸುವಾಗ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನ ಎಳೆಯನ್ನೇ ಬಿಟ್ಟಿದ್ದರು, ಪ್ಲಗ್ಗಿನ ಮೂರನೆಯ ಕಡ್ಡಿ ಬರೀ ತೋರಿಕೆಯದಾಗಿತ್ತು.

ಕೊಯ್ದ ವೈರನ್ನು ಟೇಪ್ ಸುತ್ತಿ ಬಿಡದೆ ಪಂಪಿನ ಕಡೆಯಿಂದಲೇ ಬದಲಿಸಿ, ತೂತಿಗೆ ರಬ್ಬರ್ ಬಳೆ ಕೂರಿಸಿದೆ. 1.5 ಚದರ ಮಿಲಿಮೀಟರಿನ ಮೂರೆಳೆಯ ವೈರು ನಾಲ್ಕು ಮೀಟರಿಗೆ 360, ಹೊಸ ಪ್ಲಗ್ಗಿಗೆ 60. ಹಸಿರು ಎಳೆಯನ್ನು ಬಣ್ಣ ಕೆರೆದು ಹೊಳಪು ಮಾಡಿದ ತಗಡಿಗೆ ಬೋಲ್ಟ್ ಹಾಕಿ ಬಿಗಿದೆ. ಬಣ್ಣದ ಮೇಲೆಯೇ ಬಿಗಿದರೆ ಅದು ಕಟ್ಟಿಯೂ ಕಟ್ಟದಂತೆ.

ಇಲ್ಲಿಂದ ಮುಂದಿನದನ್ನು ನಾನು ಮಾಡಲಿಲ್ಲ, ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆವು. ಆತ 100 ವ್ಯಾಟಿನ ಬಲ್ಬನ್ನು ಫೇಸಿಗೂ ನ್ಯೂಟ್ರಲಿಗೂ ನಡುವೆ ಹಿಡಿದಾಗ ಪೂರ್ತಿ ಬೆಳಕು. ಫೇಸಿಗೂ ಅರ್ಥಿಂಗಿಗೂ ನಡುವೆ ಹಿಡಿದಾಗ ಒಳಗಿನ ತಂತಿ ಕೆಂಡದ ಬಣ್ಣಕ್ಕೆ ತಿರುಗಿ ಅಲ್ಲಿಗೇ ನಿಂತಿತು. ಮನೆಯ ಹಿಂದಿನ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಕಂಬಿಯಿಂದ ದೂರ ಸರಿಯುತ್ತದೆ; ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗು, ತೊಯ್ದ ತಗಡಿನ ಯಂತ್ರವನ್ನು ಬಳಸುವ ಏಪ್ರಿಲ್‌ನಲ್ಲೇ ಕೈಕೊಡುತ್ತದೆ. ಗುಂಡಿಯನ್ನು ಕೆದಕಿ, ಇದ್ದಿಲು ಮತ್ತು ಕಲ್ಲುಪ್ಪು ಪದರ ಪದರವಾಗಿ ತುಂಬಿ (350 ರೂಪಾಯಿ), ನೀರು ಸುರಿದ ಮೇಲೆ ಬಲ್ಬಿನ ಬೆಳಕು ಬಹುಮಟ್ಟಿಗೆ ಸರಿಹೋಯಿತು. ಈಗ ಪ್ರತಿ ಶುಕ್ರವಾರ ಆ ಗುಂಡಿಗೆ ಎರಡು ಬಕೆಟ್ ನೀರು. ಆರ್‌ಓ ನೀರಿಗೂ ಅಲ್ಲಿ ಒಂದು ಉಪಯೋಗ ಸಿಕ್ಕಿತು, ಮನೆಯವರ ಪೈಪು ವ್ಯರ್ಥವಾಗಲಿಲ್ಲ.

ಮುಖ್ಯ ಬೋರ್ಡಿಗೆ ಕರೆಂಟು ಸೋರಿದರೆ ತಾನಾಗಿಯೇ ಲೈನು ಕಡಿಯುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆವು. ಸಾಧನಕ್ಕೆ 1,900, ಕೂಲಿ 600. ಈ ಇಡೀ ಕೆಲಸದಲ್ಲಿ ಅತಿ ದೊಡ್ಡ ಖರ್ಚು ಇದೇ, ಕಡಿತ ಮಾಡಬಾರದ ಖರ್ಚೂ ಇದೇ. ಹಾಕಿದ ಸಂಜೆಯೇ ಅದು ಟ್ರಿಪ್ ಆಗಿ ಕರೆಂಟು ಹೋಯಿತು. ಹುಡುಕಿದರೆ ಬಚ್ಚಲಿನ ಗೀಜರಿನ ಕಾಯಿಲಿನಿಂದ ಕರೆಂಟು ಸೋರುತ್ತಿತ್ತು. ರಾಯಚೂರಿನ ಮೇ ತಿಂಗಳಲ್ಲಿ ಗೀಜರಿನ ಅಗತ್ಯ ಯಾರಿಗೂ ಇಲ್ಲವಾದ್ದರಿಂದ ಅದರ ವೈರು ಕಳಚಿಟ್ಟೆವು.

5. ಮಾಳಿಗೆಗೆ ಸುಣ್ಣ

ಕೂಲರ್ ಸರಿಯಾದರೂ ರಾತ್ರಿ ಹತ್ತರವರೆಗೆ ಸ್ಲ್ಯಾಬು ಕಾವು ಕಾರುತ್ತಲೇ ಇತ್ತು. ಗಿರಣಿಯಲ್ಲಿ ಬೇರಿಂಗಿನ ಬಿಸಿ ನೋಡಲು ಇಟ್ಟಿರುವ, ದೂರದಿಂದಲೇ ತಾಪ ಅಳೆಯುವ ಗನ್ನನ್ನು ಮನೆಯವರು ಭಾನುವಾರಕ್ಕೆ ಕೇಳಿ ತಂದರು. ಮಧ್ಯಾಹ್ನ ಮೂರಕ್ಕೆ ಮಾಳಿಗೆಯ ಮೇಲ್ಮೈ 59 ಡಿಗ್ರಿ, ಕೋಣೆಯ ಒಳಗಿನಿಂದ ಸ್ಲ್ಯಾಬಿನ ಕೆಳಮೈ 41 ಡಿಗ್ರಿ.

ಮಾಳಿಗೆ 650 ಚದರ ಅಡಿ. ಡಬ್ಬಿಯಲ್ಲಿ ಬರುವ ಬಿಳಿ ತಂಪು ಬಣ್ಣಕ್ಕೂ ಸುಣ್ಣಕ್ಕೂ ಬೆಲೆಯಲ್ಲಿ ಹತ್ತು ಪಟ್ಟಿಗೂ ಹೆಚ್ಚು ಅಂತರವಿದ್ದುದರಿಂದ ಸುಣ್ಣವನ್ನೇ ಆರಿಸಿದೆವು. 20 ಕಿಲೋ ಸುಟ್ಟ ಸುಣ್ಣದ ಕಲ್ಲು 400, ಡಿಡಿಎಲ್ ಅಂಟು ಒಂದು ಕಿಲೋ 180, ಬ್ರಷ್‌ಗಳಿಗೆ 240. ಸುಣ್ಣ ಅರಳಿಸುವಾಗ ಹೊರಡುವ ಕಾವನ್ನು ಮನೆಯವರು ನಂಬಲಿಲ್ಲ, ಒಂದಿಷ್ಟನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೆನೆಹಾಕಿದರು. ಬಕೆಟ್ಟಿನ ಒಂದು ಪಕ್ಕ ಮೆತ್ತಗಾಗಿ ಹೊರಗೆ ಉಬ್ಬಿತು. ಕಬ್ಬಿಣದ ಡಬ್ಬ ಇಲ್ಲವೆ ಸಿಮೆಂಟಿನ ತೊಟ್ಟಿಯೇ ಬೇಕು. ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಸುಣ್ಣದ ರಾಶಿಗೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಕಡ್ಡಾಯ. ಒಂದು ಹನಿ ಕಣ್ಣಿಗೆ ಬಿದ್ದರೂ ಹಾನಿ ಸಣ್ಣದಲ್ಲ, ಬಿದ್ದರೆ ತಡಮಾಡದೆ ಧಾರಾಳ ನೀರಿನಿಂದ ತೊಳೆಯುತ್ತಾ ಆಸ್ಪತ್ರೆಗೆ ಹೋಗಬೇಕು.

ರಾತ್ರಿಯಿಡೀ ಅರಳಿದ ಸುಣ್ಣವನ್ನು ಹಳೆಯ ಸೀರೆಯಲ್ಲಿ ಸೋಸಿ, ಹಾಲಿಗಿಂತ ತುಸು ಗಟ್ಟಿಯಾಗಿ ತಿಳಿಮಾಡಿ, ಅಂಟು ಬೆರೆಸಿ ಮೊದಲ ಕೋಟು ಬಳಿದದ್ದು ಬೆಳಿಗ್ಗೆ. ಎಂಟು ಗಂಟೆಯ ಬಿಸಿಲಿಗೇ ಬ್ರಷ್ ಹಿಂದೆ ಸರಿಯುವಷ್ಟರಲ್ಲಿ ಅದು ಒಣಗುತ್ತಿತ್ತು. ಮರುದಿನ ಬಟ್ಟೆ ಒಣಹಾಕಲು ಹೋದರೆ ಪಾದಕ್ಕೆಲ್ಲ ಬಿಳಿಯ ಹಿಟ್ಟು. ಗಟ್ಟಿಯಾಗಲು ಅದಕ್ಕೆ ಹಸಿ ಸಿಕ್ಕಿರಲಿಲ್ಲ. ಮುಂದಿನ ಭಾನುವಾರ ಹಿಟ್ಟನ್ನು ಗುಡಿಸಿ, ಸೂರ್ಯ ಇಳಿದ ಮೇಲೆ ಸ್ಲ್ಯಾಬಿಗೆ ನೀರು ಚಿಮುಕಿಸಿ ತಣಿಸಿ, ಉಳಿದ ಸುಣ್ಣವನ್ನು ತೆಳುವಾಗಿ ಎರಡು ಕೈ ಬಳಿದೆವು; ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ನಾನು ಬಳಿಯುತ್ತಾ ಮೆಟ್ಟಿಲಿನ ಕಡೆಗೆ ಹಿಂದೆ ಹಿಂದೆ ಬಂದೆ, ಅವರು ಟಾರ್ಚು ಹಿಡಿದು ಬಿಟ್ಟುಹೋದ ಜಾಗಗಳನ್ನು ತೋರಿಸುತ್ತಾ ಬಂದರು. ನಡುವೆ ಗಿರಣಿಯಿಂದ ಲಾರಿಯ ತೂಕದ ಚೀಟಿಯ ವಿಷಯವಾಗಿ ಫೋನು ಬಂದು, ಅವರು ಮಾತಾಡುತ್ತಾ ಹಸಿ ಸುಣ್ಣದ ಮೇಲೆಯೇ ನಡೆದದ್ದರ ಗುರುತು ನೀರಿನ ಟ್ಯಾಂಕಿನ ಪಕ್ಕ ಇನ್ನೂ ಇದೆ. ಈ ಕೋಟು ಪಾದಕ್ಕೆ ಹತ್ತಲಿಲ್ಲ.

6. ಅಳತೆ

ಸುಣ್ಣದ ನಂತರ, ಮೇ ಎರಡನೇ ವಾರ, ಹೊರಗೆ 42 ಡಿಗ್ರಿ ಇದ್ದ ಮಧ್ಯಾಹ್ನ ಅದೇ ಗನ್ನಿನಿಂದ ನೋಡಿದಾಗ ಮಾಳಿಗೆಯ ಮೇಲ್ಮೈ 46, ಸ್ಲ್ಯಾಬಿನ ಕೆಳಮೈ 36.5. ಸಾಮಾನ್ಯ ಥರ್ಮಾಮೀಟರಿನಲ್ಲಿ ಕೂಲರಿನ ಬಾಯಿಯ ಗಾಳಿ 29, ನಡುಮನೆಯ ಮಧ್ಯದಲ್ಲಿ 32. ಕೂಲರಿಗೆ ಎದುರಿನ ಕಿಟಕಿಯನ್ನು ಒಂದು ಗೇಣು ತೆರೆದಿಟ್ಟಾಗಿನ ಲೆಕ್ಕ ಇದು. ಅದನ್ನು ಮುಚ್ಚಿದರೆ ಒಂದು ಗಂಟೆಯೊಳಗೆ ಗಾಳಿ ಜಿಗುಟಾಗಿ ನಡುಮನೆಯ ತಾಪ ಏರತೊಡಗುತ್ತದೆ. ತಂಪು ಹೊರಗೆ ಹೋಗುತ್ತದೆಂದು ಮನೆಯವರು ಬಂದಾಗಲೆಲ್ಲ ಆ ಕಿಟಕಿ ಮುಚ್ಚುತ್ತಿದ್ದರು. ಥರ್ಮಾಮೀಟರನ್ನು ಅವರ ಕೈಗೇ ಕೊಟ್ಟು ಕೂರಿಸಿದ ಮೇಲೆ ನಿಲ್ಲಿಸಿದ್ದಾರೆ. ರೋಹಿಣಿ ಮಳೆಯ ಮೋಡ ಕಟ್ಟಿದ ದಿನಗಳಲ್ಲಿ ಮಾತ್ರ ಕಿಟಕಿ ತೆರೆದರೂ ಮುಚ್ಚಿದರೂ ಕೂಲರಿನಿಂದ ಉಪಯೋಗ ಕಡಿಮೆ. ಆಗ ಪಂಪು ನಿಲ್ಲಿಸಿ ಬರೀ ಫ್ಯಾನನ್ನು ಓಡಿಸುವುದೇ ವಾಸಿ.

7. ಖರ್ಚು ಮತ್ತು ಬಾಕಿ

ಕೆಪಾಸಿಟರ್ 70, ರೆಡ್ ಆಕ್ಸೈಡ್ 150, ಡಾಂಬರು ಬಣ್ಣ 220, ನಿಂಬೆ ಉಪ್ಪು 120, ಪಂಪು 280, ಎರಡು ಜೊತೆ ಹುಲ್ಲು 480, ವೈರು ಮತ್ತು ಪ್ಲಗ್ಗು 420, ಅರ್ಥಿಂಗ್ 350, ಆರ್‌ಸಿಸಿಬಿ ಕೂಲಿಸಹಿತ 2,500, ಮಾಳಿಗೆ 820. ಒಟ್ಟು 5,410 ರೂಪಾಯಿ. ಎಂ-ಸೀಲ್, ರಬ್ಬರ್ ಬಳೆಯಂಥ ಚಿಲ್ಲರೆಯನ್ನೂ ಹಾಳಾದ ಬಕೆಟ್ಟನ್ನೂ ಇದರಲ್ಲಿ ಸೇರಿಸಿಲ್ಲ. ಇದರಲ್ಲಿ ಕೂಲರಿಗೆಂದೇ ಆದದ್ದು ಎರಡು ಸಾವಿರದೊಳಗೆ. ಅರ್ಥಿಂಗು ಮತ್ತು ಆರ್‌ಸಿಸಿಬಿಯ ಖರ್ಚು ಹೊಸ ಕೂಲರ್ ಕೊಂಡಿದ್ದರೂ ತಪ್ಪುತ್ತಿರಲಿಲ್ಲ.

ಮೋಟಾರಿನ ಬುಷ್ ಇನ್ನೂ ಸ್ವಲ್ಪ ಅಲುಗುತ್ತದೆ, ಮಳೆಗಾಲದಲ್ಲಿ ಬಿಚ್ಚಿ ಬದಲಿಸಬೇಕು. ಸುಣ್ಣ ಮಳೆಗೆ ತೊಳೆದುಹೋಗುವುದು ಖಂಡಿತ. ಬರುವ ವರ್ಷ ಬಿಸಿಲು ಏರುವ ಮೊದಲೇ, ಫೆಬ್ರವರಿಯ ಸಂಜೆಗಳಲ್ಲಿ ಬಳಿಯುವ ಯೋಚನೆಯಿದೆ. ಸ್ಟ್ಯಾಂಡಿನ ಹಿಂದಿನ ಕಾಲಿನ ವೆಲ್ಡಿಂಗ್ ಬಿಟ್ಟಿದೆ. ವೆಲ್ಡಿಂಗಿನವನ ಅಂಗಡಿ ಭಾನುವಾರ ಮುಚ್ಚಿರುತ್ತದೆ, ಉಳಿದ ದಿನ ಮನೆಯವರು ಬಿಡುವಾಗಿರುವುದಿಲ್ಲ, ನನ್ನೊಬ್ಬಳಿಂದ ಅದನ್ನು ಹೊತ್ತು ಇಳಿಸಲು ಆಗುವುದಿಲ್ಲ. ಸದ್ಯಕ್ಕೆ ಕಾಲಿನ ಕೆಳಗೆ ಎರಡು ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದೇವೆ.